ಮಗು ಹೇಗೆ ನಡೆಯುತ್ತಿದೆ, ಮೊದಲು ಅದನ್ನು ನೋಡಿ

(ಬಸವನಗುಡಿಯ ಒಂದು ಸಮುದಾಯ ಭವನದಲ್ಲಿ, ಭಾನುವಾರ ಬೆಳಿಗ್ಗೆ ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಮುಂದೆ ಮೂಳೆ ಡಾಕ್ಟರಾಗಿ ನಾನು ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಕಡೆಯೇ ಉಳಿಸಿದ್ದೇನೆ.)

ರಾತ್ರಿ ಹನ್ನೊಂದು ಗಂಟೆ. ಚೆನ್ನಾಗಿ ನಿದ್ದೆ ಹೋಗಿದ್ದ ಐದು ವರ್ಷದ ಮಗು ಎದ್ದು ಕೂತು "ಕಾಲು ನೋವು" ಎಂದು ಅಳುತ್ತದೆ. ಎಲ್ಲಿ ಎಂದು ಕೇಳಿದರೆ ಒಂದು ಸಲ ಮೀನಖಂಡ ತೋರಿಸುತ್ತದೆ, ಇನ್ನೊಂದು ಸಲ ತೊಡೆ ತೋರಿಸುತ್ತದೆ. ಅಜ್ಜಿ ಎದ್ದು ಬಂದು ಕಾಲು ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಮಗು ಮತ್ತೆ ನಿದ್ದೆ. ಬೆಳಿಗ್ಗೆ ಏಳೂವರೆಗೆ ಅದೇ ಮಗು ಸ್ಕೂಲ್ ವ್ಯಾನ್ ಹತ್ತಲು ಓಡುತ್ತದೆ. ನಿದ್ದೆಗೆಟ್ಟ ಅಪ್ಪ ಅಮ್ಮನಿಗೆ ಮಾತ್ರ ಕಣ್ಣುರಿ.

ಇಲ್ಲಿ ಕೂತವರಲ್ಲಿ ಸುಮಾರು ಜನ ತಲೆ ಅಲ್ಲಾಡಿಸುತ್ತಿದ್ದೀರಿ. ಗೊತ್ತಿರುವ ಕಥೆ, ಅಲ್ವಾ? ಇದನ್ನೇ ನಾವು ಬೆಳವಣಿಗೆ ನೋವು ಎನ್ನುತ್ತೇವೆ. ಇದರ ಬಗ್ಗೆ ಒಬ್ಬ ಫ್ರೆಂಚ್ ವೈದ್ಯರು ಬರೆದಿದ್ದು 1823ರಲ್ಲಿ. ಇನ್ನೂರು ವರ್ಷ ದಾಟಿದರೂ ಕಾರಣ ಇದೇ ಎಂದು ವೈದ್ಯಲೋಕ ಕೈ ತೋರಿಸಿಲ್ಲ. ಬೆಳವಣಿಗೆಗೂ ಇದಕ್ಕೂ ತಾಳೆ ಆಗುವುದಿಲ್ಲ. ಮಗು ಭರಭರನೆ ಬೆಳೆಯುವುದು ಮೊದಲ ವರ್ಷದಲ್ಲಿ, ಆಮೇಲೆ ಹದಿಹರೆಯದಲ್ಲಿ. ಈ ನೋವು ಬರುವುದು ಮಧ್ಯದಲ್ಲಿ, ಹೆಚ್ಚಾಗಿ 3ರಿಂದ 12 ವರ್ಷದೊಳಗೆ. ಹಗಲಿಡೀ ಕುಣಿದ ದಿನ ಸ್ವಲ್ಪ ಜಾಸ್ತಿ ಕಾಣುತ್ತದೆ.

ಇದಕ್ಕೆ ಕೆಲವು ಗುರುತು ಇವೆ. ಎರಡೂ ಕಾಲು ನೋಯುತ್ತವೆ, ಅಥವಾ ಇವತ್ತು ಇದು, ನಾಳೆ ಅದು. ನೋವು ಮಾಂಸಖಂಡದಲ್ಲಿ ಇರುತ್ತದೆ, ಕೀಲಿನಲ್ಲಿ ಇರುವುದಿಲ್ಲ. ಊತ ಇಲ್ಲ, ಕೆಂಪು ಇಲ್ಲ, ಜ್ವರ ಇಲ್ಲ. ಸಂಜೆಯೋ ರಾತ್ರಿಯೋ ಬರುತ್ತದೆ, ಬೆಳಗಾಗುವಷ್ಟರಲ್ಲಿ ಮಾಯ. ಇನ್ನೊಂದು ಗುರುತನ್ನು ನಾನು ಅಜ್ಜಿಯರನ್ನೇ ಕೇಳಿ ತಿಳಿಯುತ್ತೇನೆ: "ನೀವು ಒತ್ತಿದಾಗ ಮಗು ಏನು ಮಾಡುತ್ತೆ?" ಬೆಳವಣಿಗೆ ನೋವಿನ ಮಗು "ಇನ್ನೂ ಒತ್ತು" ಎಂದು ಕಾಲು ಚಾಚುತ್ತದೆ. ಮೂಳೆಯಲ್ಲಿ ಏಟೋ ಸೋಂಕೋ ಇರುವ ಮಗು ಮುಟ್ಟಲು ಬಿಡುವುದಿಲ್ಲ. ಕೈ ಹತ್ತಿರ ಬಂದರೆ ಸಾಕು, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಕ್ಸ್‌ರೇಗಿಂತ ಮೊದಲು ಇದು ನನಗೆ ಅರ್ಧ ವಿಷಯ ಹೇಳಿಬಿಡುತ್ತದೆ.

ಮದ್ದು ಏನು? ಒತ್ತುವುದು, ಬಿಸಿನೀರಿನ ಚೀಲ, ಜೊತೆಗೆ ಧೈರ್ಯ. ತೀರಾ ಅತ್ತರೆ ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಒಂದು ಸಲ. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಮನೆಯಲ್ಲಿ ಕೊಡಬೇಡಿ. ವೈರಲ್ ಜ್ವರ ಇದ್ದಾಗ ಅದು ಲಿವರ್ ಮತ್ತು ಮೆದುಳಿಗೆ ಅಪಾಯ ತರಬಲ್ಲದು.

ಇಷ್ಟು ಹೇಳಿ ಮುಗಿಸಿದ್ದರೆ ನೀವೆಲ್ಲ ಖುಷಿಯಾಗಿ ತಿಂಡಿಗೆ ಏಳಬಹುದಿತ್ತು. ಆದರೆ ನಾನು ಬಂದಿರುವುದು ಇದರ ಇನ್ನೊಂದು ಮಗ್ಗುಲು ಹೇಳಲು. ಬೆಳವಣಿಗೆ ನೋವಿನಲ್ಲಿ ಮಗು ಕುಂಟುವುದಿಲ್ಲ. ಕುಂಟುತ್ತಿದ್ದರೆ ಆ ಹೆಸರನ್ನು ಅಲ್ಲಿಗೇ ಬಿಡಿ. ಕುಂಟುವುದಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಆ ಕಾರಣ ಸಣ್ಣದೇ ಇರಬಹುದು, ಚಪ್ಪಲಿ ಕಚ್ಚಿದ ಗಾಯವೇ ಇರಬಹುದು. ಆದರೂ ಅದನ್ನು ಹುಡುಕಬೇಕು.

ಮಗುವಿನ ಬಾಯಿಂದ ಬರುವ ಮಾತು ನಂಬಿಕೆಗೆ ಅಷ್ಟು ಸಾಲುವುದಿಲ್ಲ. ಮಗು ಸುಳ್ಳು ಹೇಳುತ್ತದೆ ಎಂದಲ್ಲ. ಎಲ್ಲಿ ನೋವು ಎಂದು ತೋರಿಸುವುದು ದೊಡ್ಡವರಿಗೇ ಕಷ್ಟ. ಕೆಲವು ಮಕ್ಕಳು ಆಸ್ಪತ್ರೆ ಹೆಸರು ಕೇಳಿದರೆ ಸಾಕು, "ನೋವಿಲ್ಲ, ಹೋಯ್ತು" ಎಂದುಬಿಡುತ್ತಾರೆ. ನಡಿಗೆಗೆ ಆ ಚಾಲಾಕಿ ಬರುವುದಿಲ್ಲ. ಬರಿಗಾಲಲ್ಲಿ, ಚಡ್ಡಿಯಲ್ಲಿ, ಹಜಾರದ ಈ ತುದಿಯಿಂದ ಆ ತುದಿಗೆ ನಡೆಸಿ. ನೀವು ಹಿಂದೆ ನಿಂತು ನೋಡಿ. ನೋವಿರುವ ಕಾಲನ್ನು ಮಗು ನೆಲದ ಮೇಲೆ ಕಡಿಮೆ ಹೊತ್ತು ಇಡುತ್ತದೆ, ಬೇಗ ಎತ್ತಿಬಿಡುತ್ತದೆ. ಆಮೇಲೆ ಕುಂಟೆಬಿಲ್ಲೆ ಆಡಿಸಿ. ಒಂದು ಕಾಲಲ್ಲಿ ಐದು ಸಲ ಹಾರಲಿ, ಇನ್ನೊಂದರಲ್ಲಿ ಐದು ಸಲ. ಐದು ವರ್ಷ ದಾಟಿದ ಮಗು ಎರಡೂ ಕಾಲಲ್ಲಿ ಸಮನಾಗಿ ಹಾರಿದರೆ ಆ ಕಾಲುಗಳಲ್ಲಿ ಗಂಭೀರವಾದುದು ಏನೋ ಅಡಗಿರುವ ಸಂಭವ ತುಂಬ ಕಡಿಮೆ. ಈಗಿನ ಅಪಾರ್ಟ್‌ಮೆಂಟ್ ಮಕ್ಕಳಿಗೆ ಕುಂಟೆಬಿಲ್ಲೆ ಹೇಳಿಕೊಡಬೇಕಾಗುತ್ತದೆ, ಅದು ಬೇರೆ ಮಾತು.

ಇನ್ನು ಮಂಡಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮಗು "ಮಂಡಿ ನೋವು" ಎನ್ನುತ್ತದೆ. ಮಂಡಿಗೆ ಎಕ್ಸ್‌ರೇ ತೆಗೆಸುತ್ತೀರಿ. ಏನೂ ಇಲ್ಲ. ಒಂದು ಮುಲಾಮು, ಒಂದು ಕ್ರೇಪ್ ಬ್ಯಾಂಡೇಜ್. ತಿಂಗಳಾದರೂ ಕುಂಟು ಹೋಗುವುದಿಲ್ಲ. ಏಕೆಂದರೆ ತೊಂದರೆ ಇರುವುದು ಮಂಡಿಯಲ್ಲಲ್ಲ, ಸೊಂಟದ ಕೀಲಿನಲ್ಲಿ, ಅಂದರೆ ತೊಡೆಮೂಳೆಯ ತಲೆ ಕೂರುವ ಜಾಗದಲ್ಲಿ. ಆ ಕೀಲಿಗೂ ಮಂಡಿಯ ಒಳಬದಿಗೂ ಒಂದೇ ನರ ಹೋಗುತ್ತದೆ. ಹಾಗಾಗಿ ಮೇಲಿನ ನೋವನ್ನು ಮಗು ಕೆಳಗೆ ತೋರಿಸುತ್ತದೆ. ಮಂಡಿ ನೋವೆಂದು ಬಂದ ಪ್ರತಿ ಮಗುವಿನ ಸೊಂಟದ ಕೀಲನ್ನೂ ಆಡಿಸಿ ನೋಡಲೇಬೇಕು. ನೋಡದಿದ್ದರೆ ನೀವೇ ಕೇಳಿ: "ಡಾಕ್ಟ್ರೇ, ಸೊಂಟದ ಕೀಲು ಸರಿ ಇದೆಯಾ?" ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ಅಲ್ಲಿ ಅಡಗುವ ಒಂದು ಕಾಯಿಲೆ ಪರ್ಥೆಸ್. ತೊಡೆಮೂಳೆಯ ತಲೆಗೆ ಹೋಗುವ ರಕ್ತ ಕೆಲಕಾಲ ನಿಂತುಹೋಗುತ್ತದೆ. ಆ ಗುಂಡನೆಯ ತಲೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಎರಡು, ಮೂರು, ಕೆಲವೊಮ್ಮೆ ನಾಲ್ಕು ವರ್ಷದಲ್ಲಿ ಹೊಸ ಮೂಳೆ ಬಂದು ತುಂಬಿಕೊಳ್ಳುತ್ತದೆ. ಅಷ್ಟರೊಳಗೆ ಅದರ ಗುಂಡು ಆಕಾರ ಉಳಿಸಿಕೊಡುವುದೇ ನಮ್ಮ ಕೆಲಸ. ಹೆಚ್ಚಾಗಿ 4ರಿಂದ 8 ವರ್ಷದ ಹುಡುಗರಲ್ಲಿ ಬರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ನಾಲ್ಕೈದು ಪಟ್ಟು ಜಾಸ್ತಿ. 1910ರ ಸುಮಾರಿಗೆ ಅಮೆರಿಕ, ಫ್ರಾನ್ಸ್, ಜರ್ಮನಿಯ ಮೂವರು ವೈದ್ಯರು ಬೇರೆಬೇರೆಯಾಗಿ ಇದನ್ನು ಗುರುತಿಸಿದರು. ನಮಗೆ ಹತ್ತಿರದ ವಿಷಯ ಇನ್ನೊಂದಿದೆ. ಮಣಿಪಾಲದ ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ನಮ್ಮ ಕಡೆ ಇದು ಎಲ್ಲಿ ಜಾಸ್ತಿ ಎಂದು ಲೆಕ್ಕ ಹಾಕಿದರು. ಕರಾವಳಿಯಲ್ಲಿ ಇದು ಎದ್ದು ಕಾಣುವಷ್ಟು ಇತ್ತು. ಘಟ್ಟ ಹತ್ತಿ ಈ ಕಡೆ ಬಂದರೆ ತೀರಾ ಕಡಿಮೆ. ನಡುವೆ ಇರುವುದು ಒಂದು ಬೆಟ್ಟಸಾಲು ಅಷ್ಟೇ! ನನಗೆ ಇವತ್ತಿಗೂ ಸೋಜಿಗ. ಬೆಂಗಳೂರಲ್ಲಿ ಈಗ ಉಡುಪಿ, ಕುಂದಾಪುರ, ಮಂಗಳೂರು ಕಡೆಯ ಮನೆಗಳು ಎಷ್ಟಿಲ್ಲ? ಹಾಗಾಗಿ ಕುಂಟುವ ಹುಡುಗ ಬಂದರೆ "ಊರು ಯಾವ ಕಡೆ?" ಎಂದು ನಾನು ಸುಮ್ನೆ ಹರಟೆಗೆ ಕೇಳುವುದಿಲ್ಲ.

ಇನ್ನೊಂದು ದೊಡ್ಡ ಮಕ್ಕಳದು. 10ರಿಂದ 15 ವರ್ಷ, ತೂಕ ಸ್ವಲ್ಪ ಜಾಸ್ತಿ, ಕೆಲವು ವಾರದಿಂದ ತೊಡೆ ಅಥವಾ ಮಂಡಿ ನೋವು, ನಡೆಯುವಾಗ ಆ ಪಾದ ಹೊರಕ್ಕೆ ತಿರುಗಿರುತ್ತದೆ. ತೊಡೆಮೂಳೆಯ ತಲೆ ತನ್ನ ಕುತ್ತಿಗೆಯಿಂದ ಜಾರುತ್ತಿರುತ್ತದೆ. ಮನೆಯವರು "ತೂಕ ಇಳಿಸು, ವಾಕಿಂಗ್ ಹೋಗು" ಎಂದು ಲಾಲ್‌ಬಾಗಿಗೆ ಕಳಿಸುತ್ತಾರೆ. ಅದೇ ಅಪಾಯ. ಇಂಥ ಮಗುವನ್ನು ನಡೆಸಲೇಬಾರದು. ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಒಂದು ಸ್ಕ್ರೂ ಹಾಕಿ ಅದನ್ನು ಅಲ್ಲೇ ನಿಲ್ಲಿಸುತ್ತೇವೆ. ಪೂರ್ತಿ ಜಾರಿದ ಮೇಲೆ ಬಂದರೆ ಕೆಲಸ ತುಂಬ ಕಷ್ಟ.

ಈಗ ಜ್ವರ. ಇಷ್ಟು ಹೊತ್ತು ಹೇಳಿದ್ದರಲ್ಲಿ, ಜಾರುವ ಮೂಳೆ ಬಿಟ್ಟು ಉಳಿದವಕ್ಕೆ ಒಂದೆರಡು ದಿನ ಟೈಮ್ ಇರುತ್ತದೆ. ಇದಕ್ಕೆ ಇಲ್ಲ.

ನೆಗಡಿ ಕೆಮ್ಮು ಬಂದು ಹೋದ ವಾರಕ್ಕೆ ಮಗು ಬೆಳಿಗ್ಗೆ ಎದ್ದು ಕುಂಟುತ್ತದೆ. ಜ್ವರ ಇಲ್ಲ, ಇದ್ದರೂ ಸ್ವಲ್ಪ. ಆಡಿಕೊಂಡು ತಿಂದುಕೊಂಡು ಇದೆ. ಇದು ಬಹಳ ಸಲ ಸೊಂಟದ ಕೀಲಿನ ತಾತ್ಕಾಲಿಕ ಉರಿಯೂತ. 3ರಿಂದ 10 ವರ್ಷದ ಮಕ್ಕಳಲ್ಲಿ ಸಾಮಾನ್ಯ. ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಆದರೆ ಇದೇ ಕೀಲಿನಲ್ಲಿ ಕೀವು ತುಂಬಿದರೆ ಕಥೆಯೇ ಬೇರೆ. ಮೈ ಕಾದಿರುತ್ತದೆ, ಮಗು ಕಾಲು ಊರುವುದಿಲ್ಲ, ಡಯಾಪರ್ ಬದಲಿಸಲೂ ಬಿಡುವುದಿಲ್ಲ. ಕೀವು ಕೀಲಿನ ಮೃದುಮೂಳೆಯನ್ನು ತಿನ್ನುವುದು ಗಂಟೆಗಳ ಲೆಕ್ಕದಲ್ಲಿ. ಎರಡನ್ನೂ ಬೇರ್ಪಡಿಸಲು ಬಾಸ್ಟನ್ನಿನ ವೈದ್ಯರು 1999ರಲ್ಲಿ ನಾಲ್ಕು ಅಂಶ ಕೊಟ್ಟರು. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ, ಮಗು ಕಾಲು ಊರುತ್ತದೆಯೇ, ರಕ್ತದ ಬಿಳಿಕಣ 12,000 ಮೀರಿದೆಯೇ, ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್ 40 ಮೀರಿದೆಯೇ. ಇದರಲ್ಲಿ ಮೊದಲೆರಡನ್ನು ನೋಡಲು ಲ್ಯಾಬ್ ಬೇಡ. ಥರ್ಮಾಮೀಟರ್ ಮತ್ತು ನಿಮ್ಮ ಕಣ್ಣು ಸಾಕು. 38.5 ಅಂದರೆ ಫ್ಯಾರನ್‌ಹೀಟ್‌ನಲ್ಲಿ 101.3.

ಜ್ವರ ಇದೆ, ಕಾಲು ಊರುತ್ತಿಲ್ಲ. ಈ ಎರಡು ಒಟ್ಟಿಗೆ ಕಂಡರೆ ಅವತ್ತೇ ಹೋಗಿ. ಶನಿವಾರ ರಾತ್ರಿ ಆದರೆ ಶನಿವಾರ ರಾತ್ರಿಯೇ. "ಸೋಮವಾರ ನಮ್ಮ ಡಾಕ್ಟರ್ ಸಿಗುತ್ತಾರೆ" ಎಂದು ಕಾಯಬೇಡಿ. ನಮ್ಮ ಊರಲ್ಲಿ ಇದಕ್ಕೆ ಸರ್ಕಾರಿ ಆಸ್ಪತ್ರೆಗಳೂ ಇವೆ. ಮಕ್ಕಳಿಗೇ ಮೀಸಲಾದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಮೂಳೆಗೆಂದೇ ಜಯನಗರದ ಕಡೆ ಸಂಜಯ್ ಗಾಂಧಿ ಸಂಸ್ಥೆ ಇದೆ. ಕೈಗೂಸಾದರೆ ಇನ್ನೂ ಹುಷಾರು. ತಿಂಗಳ ಕೂಸಿಗೆ ಜ್ವರ ಬರದೆಯೂ ಇರಬಹುದು. ಒಂದು ಕಾಲು ಆಡಿಸುವುದು ನಿಲ್ಲಿಸಿ, ಬಟ್ಟೆ ಬದಲಿಸುವಾಗ ಚೀರಿದರೆ ಅದೇ ಸೂಚನೆ.

ಈ ಹಂತದಲ್ಲಿ ಒಬ್ಬರು ಎದ್ದು, ಮಗನಿಗೆ ಫ್ಲೂ ಬಂದು ಜ್ವರ ಬಿಟ್ಟ ಮಾರನೇ ದಿನ ಎರಡೂ ಮೀನಖಂಡ ಹಿಡಿದುಕೊಂಡು ತುದಿಗಾಲಲ್ಲಿ ನಡೆದ, ಮೂರು ದಿನಕ್ಕೆ ಸರಿಹೋದ, ಅದೇನು ಎಂದು ಕೇಳಿದರು. ಅದು ವೈರಸ್ಸಿನಿಂದ ಮಾಂಸಖಂಡಕ್ಕೆ ಬಂದ ಉರಿಯೂತ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಸಾಮಾನ್ಯ. ನೋಡಲು ಗಾಬರಿ ಆಗುತ್ತದೆ, ವಾರದೊಳಗೆ ಹೋಗುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಾತ್ರ ತಕ್ಷಣ ಆಸ್ಪತ್ರೆ, ಕಿಡ್ನಿಗೆ ಹೊರೆ ಬೀಳುತ್ತದೆ.

ಇನ್ನು ಏಟುಗಳು. ಮಕ್ಕಳ ಮೂಳೆ ದೊಡ್ಡವರ ಮೂಳೆಯ ಸಣ್ಣ ಸೈಜ್ ಅಲ್ಲ. ಅದು ಹಸಿ ಕಡ್ಡಿ ಇದ್ದ ಹಾಗೆ, ಬಗ್ಗುತ್ತದೆ, ಒಂದು ಬದಿ ಸೀಳುತ್ತದೆ, ಇನ್ನೊಂದು ಬದಿ ಹಾಗೇ ಇರುತ್ತದೆ. ಮೂಳೆಯ ತುದಿಗಳಲ್ಲಿ ಬೆಳವಣಿಗೆ ತಟ್ಟೆ ಎಂಬ ಮೃದುವಾದ ಪದರ ಇರುತ್ತದೆ. ಉದ್ದ ಬೆಳೆಯುವುದು ಅಲ್ಲಿಂದಲೇ. ಮಂಡಿಯ ಮೇಲೊಂದು ಕೆಳಗೊಂದು ಇರುವ ಎರಡು ತಟ್ಟೆಗಳೇ ಕಾಲಿನ ಬೆಳವಣಿಗೆಯ ಸುಮಾರು ಮೂರನೇ ಎರಡು ಪಾಲು ಕೊಡುತ್ತವೆ. ಮಕ್ಕಳಲ್ಲಿ ಈ ತಟ್ಟೆ ಸುತ್ತಲಿನ ಕಟ್ಟುನಾರುಗಳಿಗಿಂತ ದುರ್ಬಲ. ದೊಡ್ಡವರಿಗೆ ನಾರು ಹರಿದು ಉಳುಕುವ ಏಟಿಗೆ ಮಗುವಿನಲ್ಲಿ ತಟ್ಟೆಯೇ ಬಿಟ್ಟುಕೊಳ್ಳಬಹುದು. ಟೊರಾಂಟೋದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಇಬ್ಬರು 1963ರಲ್ಲಿ ಇಂಥ ಮುರಿತಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ಅದೇ ಲೆಕ್ಕ ನಡೆಯುತ್ತದೆ. ಮೊದಲ ಬಗೆ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಹಾಗಾಗಿ "ಎಕ್ಸ್‌ರೇ ನಾರ್ಮಲ್, ಆದರೂ ಎರಡು ವಾರ ಪಟ್ಟಿ" ಎಂದು ಡಾಕ್ಟರ್ ಹೇಳಿದರೆ ಬಿಲ್ ಹೆಚ್ಚಿಸಲು ಹೇಳಿದರೆಂದು ತಿಳಿಯಬೇಡಿ.

ಕಾಲಿನ ಗಿಣ್ಣು ಹೊರಳಿದಾಗ ಎಕ್ಸ್‌ರೇ ಬೇಕೋ ಬೇಡವೋ ಎನ್ನಲು ಕೆನಡಾದ ಒಟ್ಟಾವದಲ್ಲಿ 1992ರಲ್ಲಿ ಒಂದು ಸುಲಭ ಸೂತ್ರ ಮಾಡಿದರು. ಐದು ವರ್ಷ ಮೀರಿದ ಮಕ್ಕಳಿಗೂ ಅದು ನಡೆಯುತ್ತದೆ. ಬಿದ್ದ ಕೂಡಲೇ, ಮತ್ತೆ ಡಾಕ್ಟರ್ ಮುಂದೆ, ನಾಲ್ಕು ಹೆಜ್ಜೆ ಹಾಕಲು ಆಗುತ್ತದೆಯೇ? ಕುಂಟಿಕೊಂಡಾದರೂ ಸರಿ. ಗಿಣ್ಣಿನ ಮೂಳೆಯ ಹಿಂಬದಿ ಒತ್ತಿದರೆ ನೋವೇ? ಹೆಜ್ಜೆ ಹಾಕಿದರೆ, ಮೂಳೆ ಮೇಲೆ ನೋವಿಲ್ಲದಿದ್ದರೆ ಎಕ್ಸ್‌ರೇ ಅವಸರ ಇಲ್ಲ. ನೋಡಿ, ಇಲ್ಲೂ ನಡಿಗೆಯೇ ಪರೀಕ್ಷೆ.

ಜಾರುಬಂಡೆಗೆ ಬರೋಣ. ಪ್ರತಿ ಬಡಾವಣೆಯ ಪಾರ್ಕಿನಲ್ಲೂ ಒಂದು ಇದೆ. ಒಂದೂವರೆ ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಅಪ್ಪ ಜಾರುತ್ತಾರೆ, ಅಮ್ಮ ವಿಡಿಯೋ ಮಾಡುತ್ತಾರೆ. ಮಗುವಿನ ಶೂ ಪಕ್ಕದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಮಗು ಒಂದೇ ಇದ್ದಿದ್ದರೆ ಅಲ್ಲೇ ನಿಂತುಬಿಡುತ್ತಿತ್ತು. ಈಗ ಎಪ್ಪತ್ತು ಕಿಲೋ ಅಪ್ಪ ಹಿಂದಿನಿಂದ ಕೆಳಗೆ ಬರುತ್ತಿದ್ದಾರೆ. ಪಾದ ನಿಂತಿತು, ಮೈ ತಿರುಗಿತು, ಮಂಡಿ ಕೆಳಗಿನ ಮೂಳೆ ಸುರುಳಿಯಾಗಿ ಸೀಳಿತು. ಜೋಪಾನ ಮಾಡಲು ಹೋಗಿಯೇ ಆಗುವ ಮುರಿತ ಇದು. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದಿರುವುದೂ ಉಂಟು. ವಾರ, ಹತ್ತು ದಿನದ ಮೇಲೆ ಹೊಸ ಮೂಳೆ ಕೂಡಿದಾಗ ಗೆರೆ ಕಾಣುತ್ತದೆ. ಚೆನ್ನಾಗಿಯೇ ವಾಸಿಯಾಗುತ್ತದೆ, ಹೆದರಬೇಡಿ. ಆದರೆ ಮಗು ಒಂದೇ ಜಾರಲು ಆಗದಷ್ಟು ಜಾರುಬಂಡೆ ದೊಡ್ಡದಿದ್ದರೆ, ಅದು ಆ ಮಗುವಿಗೆ ಇನ್ನೂ ದೊಡ್ಡದು ಅಷ್ಟೇ.

ಮಾಲ್‌ಗಳ ಟ್ರ್ಯಾಂಪೊಲಿನ್‌ನಲ್ಲೂ ಇದೇ ತರ್ಕ. ನಾಲ್ಕು ವರ್ಷದ ಮಗುವಿನ ಜೊತೆ ದೊಡ್ಡ ಅಣ್ಣ ಹಾರಿದರೆ, ಅವನ ತೂಕಕ್ಕೆ ಮೇಲೆದ್ದ ಹಾಸು ಮಗುವಿನ ಕಾಲಿಗೆ ಕೆಳಗಿಂದ ಗುದ್ದುತ್ತದೆ. ಆರು ವರ್ಷದೊಳಗಿನವರಿಗೆ ಅದು ಬೇಡ. ದೊಡ್ಡವರಿಗೂ ಒಂದು ಹಾಸಿನ ಮೇಲೆ ಒಬ್ಬರೇ.

ನನಗೆ ನಿಜವಾಗಿ ಸಿಟ್ಟು ಬರುವುದು ಸ್ಕೂಟರ್, ಬೈಕ್ ವಿಷಯದಲ್ಲಿ. ಹಿಂದೆ ಕೂತ ಮಗುವಿನ ಕಾಲು ಫುಟ್‌ರೆಸ್ಟ್‌ಗೆ ಎಟಕುವುದಿಲ್ಲ. ಅದು ತೂಗಾಡುತ್ತದೆ. ಸಿಗ್ನಲ್ ಬಿಟ್ಟಾಗ, ಹಂಪ್ ಹಾರಿದಾಗ ಹಿಮ್ಮಡಿ ಚಕ್ರದ ಕಡ್ಡಿಗೆ ಹೋಗುತ್ತದೆ. ಹಿಮ್ಮಡಿ ಮೇಲಿನ ಚರ್ಮ ಕಿತ್ತು ಬರುತ್ತದೆ, ಕೆಲವೊಮ್ಮೆ ಸ್ನಾಯುಹುರಿಯೂ ಹೋಗುತ್ತದೆ. ಸೈಕಲ್ ಕ್ಯಾರಿಯರ್ ಮೇಲೂ ಹೀಗೇ. ಮೊದಲ ದಿನ ಗಾಯ ತರಚಿದ ಹಾಗೆ ಕಾಣಬಹುದು. ಆದರೆ ಒಳಗೆ ಜಜ್ಜಿರುತ್ತದೆ. ಎರಡು ಮೂರು ದಿನಕ್ಕೆ ಚರ್ಮ ಕಪ್ಪಾಗುತ್ತದೆ. ಆದ್ದರಿಂದ ಚಕ್ರಕ್ಕೆ ಸಿಕ್ಕಿದ ಕಾಲನ್ನು 48 ಗಂಟೆಯ ನಂತರ ಮತ್ತೊಮ್ಮೆ ತೋರಿಸಲೇಬೇಕು. ಇದನ್ನು ತಡೆಯಲು ನಮ್ಮ ದೇಶದಲ್ಲಿ ಒಂದು ಒಳ್ಳೆಯ ಸಾಧನ ಇದೆ, ಸೀರೆ ಗಾರ್ಡ್. ಮಾಡಿದ್ದು ಸೆರಗು, ವೇಲು ಸಿಕ್ಕಿಕೊಳ್ಳದಿರಲಿ ಎಂದು. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮುಚ್ಚಬೇಕು. ಮಗುವಿನ ಹಿಮ್ಮಡಿಯನ್ನೂ ಅದೇ ಕಾಯುತ್ತದೆ. "ಬೈಕಿನ ಲುಕ್ ಕೆಡುತ್ತೆ" ಎಂದು ಅದನ್ನು ಬಿಚ್ಚಿಸುತ್ತಾರೆ. ಮಗು ಹುಟ್ಟಿದ ಮೇಲಾದರೂ ಮತ್ತೆ ಹಾಕಿಸಿ ಮಾರಾಯರೇ. ನಾಲ್ಕು ವರ್ಷದೊಳಗಿನ ಮಗುವಿಗೆ ಸೇಫ್ಟಿ ಬೆಲ್ಟ್ ಕಟ್ಟಬೇಕು, ಒಂಬತ್ತು ತಿಂಗಳು ದಾಟಿದರೆ ಹೆಲ್ಮೆಟ್ ಹಾಕಬೇಕು, ಗಾಡಿ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ನಿಯಮ ಬಂದು, 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ನಮ್ಮ ರಸ್ತೆಯಲ್ಲಿ ಕೊನೆಯದನ್ನು ಟ್ರಾಫಿಕ್ಕೇ ಪಾಲಿಸುತ್ತದೆ, ಮೊದಲೆರಡು ನಿಮ್ಮ ಕೈಯಲ್ಲಿವೆ.

ಏಟು ಬಿದ್ದ ತಕ್ಷಣ ಏನು ಮಾಡಬೇಕು? ನೀವಬೇಡಿ. ಎಳೆಯಬೇಡಿ. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ, ಆಮೇಲೆ ಅದನ್ನೆಲ್ಲ ತೊಳೆದು ತೆಗೆಯುವುದೇ ನಮಗೆ ಅರ್ಧ ಕೆಲಸ. ಕಾಲು ಸೊಟ್ಟಗೆ ಕಂಡರೆ ಸೊಟ್ಟಗೇ ಇರಲಿ. ಬೆಂಗಳೂರಿನ ಯಾವ ಮನೆಯಲ್ಲಿ ಡೆಲಿವರಿ ಬಂದ ರಟ್ಟಿನ ಡಬ್ಬ ಇಲ್ಲ? ಅದನ್ನು ಹರಿದು, ಒಳಗೆ ಟವೆಲ್ ಹಾಕಿ, ಮೇಲಿನ ಕೀಲೂ ಕೆಳಗಿನ ಕೀಲೂ ಸೇರುವಂತೆ ಸಡಿಲವಾಗಿ ಕಟ್ಟಿ. ದಾರಿಯಲ್ಲಿ ಅಳು ನಿಲ್ಲಿಸಲು ಜ್ಯೂಸ್, ಚಾಕೊಲೇಟ್ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು. ಒಂದು ಚಾಕೊಲೇಟಿಗೆ ಆಪರೇಷನ್ ಗಂಟೆಗಟ್ಟಲೆ ಮುಂದಕ್ಕೆ ಹೋಗುತ್ತದೆ.

ಮುಂದಿನ ಸಾಲಿನ ಒಬ್ಬ ಅಜ್ಜ "ಪುತ್ತೂರು ಕಟ್ಟು ಹಾಕಿಸಬಹುದಾ?" ಎಂದು ಕೇಳಿದರು. ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಆಂಧ್ರದಲ್ಲಿ ತಿರುಪತಿ ಹತ್ತಿರದ ಪುತ್ತೂರಿನ ನಾಟಿ ಮೂಳೆಕಟ್ಟು. ಬೆಂಗಳೂರಿನ ಎಷ್ಟೋ ಬೀದಿಯಲ್ಲಿ ಆ ಬೋರ್ಡ್ ಇದೆ. ಜನ ಹೋಗುತ್ತಾರೆ, ಸರಿಹೋಯಿತು ಎನ್ನುತ್ತಾರೆ. ಅದು ಸುಳ್ಳಲ್ಲ. ಮಕ್ಕಳ ಮೂಳೆ ಕೂಡುವುದೇ ಹಾಗೆ. ಹಸುಗೂಸಿನ ತೊಡೆಮೂಳೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ಐದು ವರ್ಷದವರದ್ದು ಆರು ವಾರದಲ್ಲಿ. ದೊಡ್ಡವರಿಗೆ ಮೂರು ನಾಲ್ಕು ತಿಂಗಳು. ಸ್ವಲ್ಪ ಬಾಗಿ ಕೂಡಿದರೂ ಬೆಳೆಯುತ್ತಾ ನೇರ ಆಗುತ್ತದೆ. ಈ ಪುಣ್ಯದಲ್ಲಿ ಕಟ್ಟು ಹಾಕಿದವರಿಗೂ ಪಾಲು, ನಮಗೂ ಪಾಲು. ಆದರೆ ತಿರುಚಿ ಕೂಡಿದ ಮೂಳೆ ತಾನಾಗಿ ನೇರ ಆಗುವುದಿಲ್ಲ. ಬೆಳವಣಿಗೆ ತಟ್ಟೆಗೆ ಏಟು ಬಿದ್ದಿದ್ದರೆ ಮುಂದೆ ಕಾಲು ಗಿಡ್ಡವೋ ಸೊಟ್ಟವೋ ಆಗಬಹುದು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಓಡುವುದಿಲ್ಲ. ಬೆರಳು ಕಪ್ಪಾದ ಮೇಲೆ ಬಂದರೆ ನಾವು ಉಳಿಸಲಾಗದ ಕಾಲುಗಳೂ ಇರುತ್ತವೆ. ಬಿಗಿ ಆಗುವ ಅಪಾಯ ನಮ್ಮ ಪ್ಲಾಸ್ಟರಿನಲ್ಲೂ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಪ್ಲಾಸ್ಟರ್ ಹಾಕಿದ ರಾತ್ರಿ ಬೆರಳುಗಳನ್ನು ನೋಡುತ್ತಿರಿ. ತಣ್ಣಗಿವೆಯೇ, ನೀಲಿಯೇ, ಬೆರಳನ್ನು ಮೇಲಕ್ಕೆ ಎತ್ತಿದರೆ ಮಗು ಚೀರುತ್ತದೆಯೇ, ಔಷಧ ಕೊಟ್ಟರೂ ನೋವು ಏರುತ್ತಿದೆಯೇ? ಬೆಳಗಾಗಲಿ ಎಂದು ಕಾಯದೆ ಬನ್ನಿ, ಬಿಚ್ಚಿಸಿಕೊಳ್ಳಿ. ಇನ್ನೊಂದು, ಒಳಗೆ ಕೆರೆತ ಎಂದು ಪೆನ್ಸಿಲ್, ಸ್ಕೇಲು ತೂರಿಸಲು ಬಿಡಬೇಡಿ. ಪ್ಲಾಸ್ಟರ್ ಕತ್ತರಿಸಿದಾಗ ಒಳಗಿಂದ ಪೆನ್ ಮುಚ್ಚಳ, ರಬ್ಬರ್, ಒಂದು ರೂಪಾಯಿ ನಾಣ್ಯ ಎಲ್ಲ ಸಿಗುತ್ತವೆ.

ಕೋಚಿಂಗ್ ಮಕ್ಕಳ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ಈಗ ಬೆಳಿಗ್ಗೆ ಐದೂವರೆಗೆ ಬ್ಯಾಡ್ಮಿಂಟನ್, ಸಂಜೆ ಕ್ರಿಕೆಟ್, ವಾರಾಂತ್ಯಕ್ಕೆ ಫುಟ್‌ಬಾಲ್ ಲೀಗ್. ಎಂಟರಿಂದ ಹದಿನಾಲ್ಕರೊಳಗೆ ಹಿಮ್ಮಡಿ ನೋವು, ಹತ್ತರಿಂದ ಹದಿನೈದರೊಳಗೆ ಮಂಡಿಯ ಕೆಳಗೆ ಗಂಟು ಎದ್ದು ನೋವು. ಎರಡೂ ಕಡೆ ಬಲವಾದ ಸ್ನಾಯು, ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ದಿನಾ ಜಗ್ಗುತ್ತಿರುತ್ತದೆ. ಮಂಡಿ ಗಂಟನ್ನು 1903ರಲ್ಲೇ ಆಸ್‌ಗುಡ್ ಮತ್ತು ಶ್ಲಾಟರ್ ವಿವರಿಸಿದ್ದಾರೆ. ಅಪಾಯ ಇಲ್ಲ, ಬೆಳವಣಿಗೆ ಮುಗಿದಾಗ ನಿಲ್ಲುತ್ತದೆ. ಆಟ ಪೂರ್ತಿ ಬಿಡಿಸಬೇಕಿಲ್ಲ. ಕಡಿಮೆ ಮಾಡಿ, ಸ್ಟ್ರೆಚಿಂಗ್ ಮಾಡಿಸಿ, ಐಸ್ ಇಡಿ. ಒಂದು ಲೆಕ್ಕ ಇಟ್ಟುಕೊಳ್ಳಿ: ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಜಾಸ್ತಿ ತರಬೇತಿ ಬೇಡ. ಹತ್ತು ವರ್ಷಕ್ಕೆ ಹತ್ತು ಗಂಟೆ. ವಾರದಲ್ಲಿ ಒಂದು ದಿನವಾದರೂ ಪೂರ್ತಿ ರಜೆ. ಕೋಚ್ "ನೋವು ತಡ್ಕೋ" ಎಂದರೆ, ಕುಂಟುತ್ತಿರುವ ಮಗುವನ್ನು ಆಡಿಸಬೇಡಿ ಎಂದು ನನ್ನ ಹೆಸರು ಹೇಳಿ.

ಕಾಲಿನ ಆಕಾರದ ಚಿಂತೆ ಬಹಳ ಜನಕ್ಕಿದೆ, ಬೇಗ ಹೇಳಿಬಿಡುತ್ತೇನೆ. ಎರಡು ವರ್ಷದವರೆಗೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಮಂಡಿಗಳು ಒಳಕ್ಕೆ ತಾಗುವುದೂ ಸಹಜ. ಏಳರ ಹೊತ್ತಿಗೆ ನೇರ ಆಗುತ್ತವೆ. ಒಂದೇ ಕಾಲು ಬಾಗಿದ್ದರೆ, ವರ್ಷ ಕಳೆದಂತೆ ಜಾಸ್ತಿ ಆಗುತ್ತಿದ್ದರೆ ತೋರಿಸಿ. ಚಪ್ಪಟೆ ಪಾದಕ್ಕೆ ದುಬಾರಿ ಶೂ ಬೇಡ. 1992ರಲ್ಲಿ ಮಣಿಪಾಲದವರೇ 2,300 ಮಕ್ಕಳ ಪಾದದಚ್ಚು ನೋಡಿದರು. ಶೂ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6, ಬರಿಗಾಲ ಮಕ್ಕಳಲ್ಲಿ 2.8 ಮಂದಿಗೆ ಚಪ್ಪಟೆ ಪಾದ. ಮನೆಯೊಳಗೆ, ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಲಿ ಬಿಡಿ.

ಅಪರೂಪದ ಆದರೆ ಮರೆಯಬಾರದ ಮಾತು. ಬೆಳಿಗ್ಗೆ ಎದ್ದಾಗ ಕೀಲು ಬಿಗಿ, ಊತ, ಆರು ವಾರ ದಾಟಿದೆ ಎಂದರೆ ಅದು ಮಕ್ಕಳ ಸಂಧಿವಾತ ಇರಬಹುದು. ಕಣ್ಣನ್ನೂ ಪರೀಕ್ಷಿಸಬೇಕು, ಕೆಂಪಾಗದೆ ನೋಯದೆ ಕಣ್ಣು ಕೆಡಬಹುದು. ಮಗು ಬಿಳಿಚಿದೆ, ಸುಮ್ಮಸುಮ್ಮನೆ ಚರ್ಮ ನೀಲಿಗಟ್ಟುತ್ತದೆ, ಜ್ವರ ಬಂದು ಹೋಗುತ್ತದೆ, ಮೂಳೆ ನೋವೆಂದು ರಾತ್ರಿ ಏಳುತ್ತದೆ ಎಂದರೆ ರಕ್ತ ಪರೀಕ್ಷೆ ಮಾಡಿಸಿ, ರಕ್ತದ ಕ್ಯಾನ್ಸರ್ ಹೀಗೆ ಶುರುವಾಗುವುದುಂಟು. ಹದಿಹರೆಯದವರಲ್ಲಿ ಮಂಡಿಯ ಹತ್ತಿರ, ಒಂದೇ ಕಡೆ, ಒಂದೇ ಜಾಗದಲ್ಲಿ ದಿನೇದಿನೇ ಏರುವ ನೋವು ಮತ್ತು ಊತ ಇದ್ದರೆ ಎಕ್ಸ್‌ರೇ ತಡ ಮಾಡಬೇಡಿ. ಮೊದಲು ನೀವಿಸಿ ನೋಡೋಣ ಎನ್ನಲೇಬೇಡಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ವಿಟಮಿನ್ ಡಿ ಬಗ್ಗೆಯೇ ಜಾಸ್ತಿ. ಬೆಂಗಳೂರಿನಲ್ಲಿ ಬಿಸಿಲಿಗೆ ಬರ ಇಲ್ಲ, ಬಿಸಿಲಿಗೆ ಹೋಗುವ ಮಕ್ಕಳಿಗೆ ಬರ. ಕೂಸಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಡ್ರಾಪ್ಸ್ ಕೊಡಿ, ಮಕ್ಕಳ ವೈದ್ಯರು ಹೇಳಿರುತ್ತಾರೆ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ ಪುಡಿಯನ್ನು ದಿನಕ್ಕೊಂದು ಕೊಟ್ಟು ವಾಂತಿ, ಮಲಬದ್ಧತೆ, ಕಿಡ್ನಿ ತೊಂದರೆ ತಂದುಕೊಳ್ಳುವವರಿದ್ದಾರೆ. ಚೀಟಿ ಎರಡು ಸಲ ಓದಿ. ಕ್ಯಾಲ್ಸಿಯಂಗೆ ರಾಗಿ ಇದೆ. ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. 1ರಿಂದ 9 ವರ್ಷದ ಮಕ್ಕಳಿಗೆ ದಿನಕ್ಕೆ ಬೇಕಾದದ್ದು 500ರಿಂದ 650. ಅಂಬಲಿ, ದೋಸೆ, ಮುದ್ದೆ, ಹೇಗೆ ತಿಂದರೂ ಸರಿ, ಮೊಸರು ಜೊತೆಗಿರಲಿ.

"ಡಾಕ್ಟರ್ ಮುಂದೆ ಬಂದಾಗ ಮಗು ಕುಂಟುವುದೇ ಇಲ್ಲ, ಏನು ಮಾಡೋದು?" ಎಂದು ಒಬ್ಬ ತಾಯಿ ಕೇಳಿದರು. ಫೋನ್ ಇದೆಯಲ್ಲ. ಕುಂಟುವ ಹೊತ್ತಿಗೇ ವಿಡಿಯೋ ಮಾಡಿ. ಚಡ್ಡಿ, ಬರಿಗಾಲು. ಹಿಂದಿನಿಂದ ಹತ್ತು ಹೆಜ್ಜೆ, ಮುಂದಿನಿಂದ ಹತ್ತು, ಪಕ್ಕದಿಂದ ಹತ್ತು. ಫೋನನ್ನು ನಿಮ್ಮ ಎದೆಯ ಎತ್ತರಕ್ಕೆ ಹಿಡಿಯಬೇಡಿ, ಮಗುವಿನ ಸೊಂಟದ ಎತ್ತರಕ್ಕೆ ಬಗ್ಗಿಸಿ ಹಿಡಿಯಿರಿ. ದಿನಾಂಕ, ಹೊತ್ತು ಬರೆದಿಡಿ. ಫಿಲ್ಟರ್, ಹಾಡು ಮಾತ್ರ ಹಾಕಬೇಡಿ.